ಓತಿಕ್ಯಾತ ಗೋಣು ಹಾಕಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ತಣ್ಣಗಾಗಿದ್ದವು, ಗಾಳಿಗೆ ಇನ್ನೂ ದಾರಿ ಗೊತ್ತಿರಲಿಲ್ಲ, ಓತಿಕ್ಯಾತಕ್ಕೆ ಮಾತು ಬರುತ್ತಿತ್ತು. ಬರುತ್ತಿತ್ತು ಅಂದರೆ ಕೇಳಬೇಡಿ. ಬೆಳಗಾದರೆ ಸಾಕು, ಬಂಡೆಯ ಮೇಲೆ ಕೂತು ಕಂಡಕಂಡವರ ತಲೆ ತಿನ್ನುತ್ತಿತ್ತು.

ಆ ಬೆಟ್ಟದ ಮೇಲೆ ಮೊಣಕಾಲೆತ್ತರದ ಜನ ಇದ್ದರು. ಅವರಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಲ್ಲಿ ಇಡುತ್ತಿರಲಿಲ್ಲ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಪುಟ್ಟ ಮನೆ ಕಟ್ಟಿ ಒಳಗೆ ಮಲಗಿಸುತ್ತಿದ್ದರು. ಪಕ್ಕದಲ್ಲಿ ಒಂದು ಕುಡಿಕೆ ನೀರು, ಒಂದು ಹಿಡಿ ನವಣೆ. ಬೆಳಕು ಬಿದ್ದರೆ ಮಲಗಿದವರಿಗೆ ಎಚ್ಚರವಾದೀತು ಅಂತ ಒಂದು ಸಂದೂ ಬಿಡುತ್ತಿರಲಿಲ್ಲ.

ಮಾಳವ್ವನ ಮಗಳು ದ್ಯಾಮಿ ಐದು ವರ್ಷದವಳು. ಜ್ವರ ಬಂತು, ಮೂರು ದಿನಕ್ಕೆ ಹೋಗಿಬಿಟ್ಟಳು. ಅವಳಿಗೂ ಕಲ್ಲುಮನೆ ಕಟ್ಟಿದರು. ಆದರೆ ದ್ಯಾಮಿಗೆ ಕತ್ತಲೆಂದರೆ ಜೀವಭಯ. ಕೂಸು ಒಳಗೆ ಹೆದರುತ್ತಿರಬಹುದೆಂದು ನೆನೆದು ಮಾಳವ್ವನ ಗಂಟಲಲ್ಲಿ ತುತ್ತು ಇಳಿಯಲಿಲ್ಲ.

ಅವಳು ಒಂದು ಗುಂಡುಕಲ್ಲು ತಂದು ಚಪ್ಪಡಿಯನ್ನು ತಿಕ್ಕತೊಡಗಿದಳು. ತಿಕ್ಕಿದಳು, ತಿಕ್ಕಿದಳು. ಊರ ಹಿರಿಯ ಕರಿಯಜ್ಜ ಬಂದು ಹೀಗೆಲ್ಲ ಮಾಡಬಾರದೆಂದು ಗದರಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳ ಅಂಗೈಯ ಬೊಬ್ಬೆ ನೋಡಲಾರದೆ ಅಜ್ಜನೇ ನೀರು ತಂದು ಕಲ್ಲಿನ ಮೇಲೆ ಸುರಿಯುತ್ತ ಕೂತ. ಹನ್ನೆರಡನೆಯ ದಿನ ಬೆಳವಲಕಾಯಿ ಗಾತ್ರದ ದುಂಡನೆಯ ಕಿಂಡಿ ಬಿತ್ತು.

ಮಾಳವ್ವ ಓಡಿಹೋಗಿ ಕಿಂಡಿಗೆ ಮುಖ ಇಟ್ಟಳು. ಏನೂ ಕಾಣಲಿಲ್ಲ. ಅವಳ ಮುಖವೇ ಬೆಳಕಿಗೆ ಅಡ್ಡವಾಗಿತ್ತು.

ಗಾಳಿಯನ್ನು ಕೇಳಿಕೊಂಡಳು. ಗಾಳಿ ಒಳಹೊಕ್ಕು ಒಂದು ಸುತ್ತು ಹಾಕಿ ಬಂತು, ಆದರೆ ನಿಂತು ನೋಡುವ ಅಭ್ಯಾಸ ಅದಕ್ಕೆಲ್ಲಿ? ಕಾಗೆ, ತನಗೆ ಬೇರೆ ಕೆಲಸವಿದೆ ಎಂದು ಹಾರಿಹೋಯಿತು. ಉಳಿದದ್ದು ಓತಿಕ್ಯಾತ ಒಂದೇ.

ಆಗ ಚಪ್ಪಡಿ ಬಾಯಿಬಿಟ್ಟಿತು. "ಒಳಗ ಹೋಗಾಕ ಅಡ್ಡಿಯಿಲ್ಲ. ಆದರ ಅಲ್ಲಿ ಕಂಡದ್ದು ಹೊರಗ ಹೇಳಂಗಿಲ್ಲ. ಹೊಕ್ಕವ್ರು ತಮ್ಮ ಮಾತು ನನ್ನ ಹತ್ರ ಬಿಟ್ಟು ಹೋಗಬೇಕು."

ಓತಿಕ್ಯಾತ ಒಂದು ಹೆಜ್ಜೆ ಹಿಂದೆ ಸರಿಯಿತು. ಮಾತಿಲ್ಲದೆ ಬದುಕುವುದು ಹೇಗೆ? ಅದು ಮಾಳವ್ವನ ಮುಖ ನೋಡಿತು.

"ಅಳಬ್ಯಾಡ ಯವ್ವಾ, ನೋಡಿ ಬರ್ತೀನಿ" ಅಂದಿತು. ಅದೇ ಅದರ ಕೊನೆಯ ಮಾತು.

ಬಹಳ ಹೊತ್ತಾದ ಮೇಲೆ ಹೊರಬಂತು. ಬಾಯಿ ತೆರೆಯಿತು, ಸ್ವರ ಬರಲಿಲ್ಲ.

"ಮಲಗ್ಯಾಳೇನೋ ನನ್ನ ಕೂಸು?" ಮಾಳವ್ವ ಕೇಳಿದಳು. ಓತಿಕ್ಯಾತ ಗೋಣು ಹಾಕಿತು.

"ಬೆಚ್ಚಗದಾಳೇನು?" ಗೋಣು ಹಾಕಿತು, ಮತ್ತೊಮ್ಮೆ ಹಾಕಿತು.

"ಅಂಜ್ಯಾಳೇನು?"

ಈ ಸಲ ಓತಿಕ್ಯಾತ ಗೋಣು ಹಾಕಲಿಲ್ಲ.

ಮಾಳವ್ವ ಮನಸಾರೆ ಅತ್ತಳು. ಆಮೇಲೆ ಮನೆಗೆ ಹೋಗಿ ಎರಡು ಗುಟುಕು ಗಂಜಿ ಕುಡಿದಳು. ಅದನ್ನು ಕಂಡ ಜನ ತಮ್ಮ ತಮ್ಮವರ ಕಲ್ಲುಮನೆಗಳಿಗೂ ಕಿಂಡಿ ಕೊರೆದರು. ಅಪ್ಪಂದಿರು ಬಂದರು, ಅಕ್ಕಂದಿರು ಬಂದರು, ಎಲ್ಲರೂ ಅದನ್ನೇ ಕೇಳಿದರು. ಓತಿಕ್ಯಾತ ಬೇಸರಿಸದೆ ಎಲ್ಲರಿಗೂ ಉತ್ತರ ಕೊಟ್ಟಿತು.

ಆ ಜನ ಈಗಿಲ್ಲ, ಕಿಂಡಿಯ ಕಲ್ಲುಮನೆಗಳು ಮಾತ್ರ ಬೆಟ್ಟದ ಮೇಲಿವೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಕೂತು ಓತಿಕ್ಯಾತ ನಿನ್ನತ್ತ ತಲೆಯಾಡಿಸಿದರೆ, ಅಣಕಿಸುತ್ತಿದೆ ಅಂತ ಕಲ್ಲೆತ್ತಬೇಡ ಕಂದಾ. ನೀನೂ ಯಾರನ್ನೋ ಕೇಳಿಕೊಂಡು ಬಂದಿರಬೇಕೆಂದು ತಿಳಿದು, ಬೆಚ್ಚಗೆ ಮಲಗಿದ್ದಾರೆ ಅಂತ ಅದು ಇವತ್ತಿಗೂ ಗೋಣು ಹಾಕುತ್ತದೆ.