ಬಾಟಲಿ ಮರಿಯ ತಾಯಿ

ಕೆಚ್ಚಲು ಬತ್ತಿದ ಮೇಕೆಯ ಮರಿಗೆ ಯಜಮಾನಿ ಬಾಟಲಿ ಹಾಲು ಕುಡಿಸತೊಡಗಿದ್ದೇ ತಡ, ಕೊಟ್ಟಿಗೆಯಲ್ಲಿ ಪಂಚಾಯ್ತಿ ಶುರುವಾಯಿತು.

"ತಾಯಿಹಾಲೇ ಅಮೃತ ಕಣೇ. ಬಾಟಲಿ ಕುಡಿದ ಮರಿಗೆ ತಾಯಿಯ ಗುರುತೇ ಇರದು," ಎಂದಿತು ಹಸು. ಹಾಲು ಇಳಿಯುವಷ್ಟು ಹೊತ್ತು ಮಾತ್ರ ಉಣ್ಣಲು ಬಿಟ್ಟು, ಅದರ ಕರುವನ್ನು ಆಗಷ್ಟೇ ಎಳೆದು ಗೂಟಕ್ಕೆ ಕಟ್ಟಿದ್ದರು.

"ಹೊಟ್ಟೆ ತುಂಬಿದರೆ ಸಾಲದೇನಕ್ಕ? ಬಾಟಲಿಯಾದರೆ ತಾಯಿಗೂ ನೆಮ್ಮದಿ," ಎಂದಿತು ಎಮ್ಮೆ.

"ಸೋಮಾರಿಗಳ ಮಾತು ಬಿಡು!"

ನಡುವೆ ನಿಂತ ಮೇಕೆಯನ್ನು ಇಬ್ಬರೂ ಏನೂ ಕೇಳಲಿಲ್ಲ. ಮರಿ ತನ್ನನ್ನು ಮರೆತೀತೆಂದು ಹೆದರಿ ಅದು ಬಾಟಲಿಯನ್ನೇ ನೋಡುತ್ತಿತ್ತು.

ಬಾಟಲಿ ಬರಿದಾಯಿತು. ಮರಿ ಹಸುವಿನ ಕಾಲಡಿ ನುಸುಳಿ, ಎಮ್ಮೆಯನ್ನು ಬಳಸಿ ಬಂದು, ತಾಯಿಯ ಬತ್ತಿದ ಕೆಚ್ಚಲಿಗೆ ಮುಖವೊತ್ತಿ ನಿಂತಿತು.

"ನೋಡಿದಿರಾ ಅಕ್ಕಂದಿರೇ!" ಎಂದಿತು ಮೇಕೆ.

ಅವೆರಡೂ ಆಗಲೇ, ಮರಿಗೆ ಹುಲ್ಲು ಯಾವ ತಿಂಗಳಿಂದ ತಿನ್ನಿಸಬೇಕೆಂಬ ಜಗಳಕ್ಕೆ ಇಳಿದಿದ್ದವು.