ಮೊದಲನೇ ಎಲೆ

ನಮ್ಮ ಮುತ್ತಜ್ಜಿ ಶಂಕ್ರವ್ವ ದೇಸಾಯರ ವಾಡೆಯಲ್ಲಿ ಅಡುಗೆಯವಳು. ಹೊಟ್ಟೆ ಬಂದು ಕುದುರೆ ಹತ್ತಲಾಗದ ದೇಸಾಯರು ಇಬ್ಬರು ವೈದ್ಯರನ್ನು ಕರೆಸಿ ಇರಿಸಿಕೊಂಡರು.

“ತಿನ್ನುವ ಚಾಳಿ ಬದಲಾಗಬೇಕು” ಎಂದ ಒಬ್ಬ. “ಚಾಳಿಯಲ್ಲ, ಮನಸ್ಸು ಬದಲಾಗಬೇಕು” ಎಂದ ಇನ್ನೊಬ್ಬ. ವಾದ ವಾರವಾದರೂ ಮುಗಿಯಲಿಲ್ಲ.

ದೇಸಾಯರು ಶಂಕ್ರವ್ವನ ಮೇಲೆ ಹರಿಹಾಯ್ದರು: “ಎಲ್ಲಾ ನಿನ್ನ ಹೋಳಿಗಿ ಮಾಡಿದ್ದು! ಎರಡು ತಿಂಗಳದಾಗ ನಾ ಕುದುರಿ ಹತ್ತಬೇಕು. ಇಲ್ಲಂದ್ರ ನಿನ್ನ ಕೆಲಸ ಹೋತು!”

“ಆಗಲಿ ಧಣ್ಯಾರ. ಅಲ್ಲೀತನಕ ದಿನಾ ಪಂಕ್ತಿಗೆ ನೀವ ಬಡಸರಿ. ಅತಿಥಿಗಳು ಎದ್ದ ಮ್ಯಾಲ ಉಳಿದದ್ದು ಉಣ್ಣರಿ. ನಿಮ್ಮ ಅಜ್ಜಾರು ಹಂಗ ಮಾಡತಿದ್ರು.”

ಅಜ್ಜನ ಹೆಸರು ಬಂದ ಮೇಲೆ ದೇಸಾಯರು ಒಲ್ಲೆನೆನ್ನುವುದುಂಟೆ? ಸಾರಿನ ಪಾತ್ರೆ ಹಿಡಿದು ಪಂಕ್ತಿಯುದ್ದಕ್ಕೂ ಓಡಾಡಿದರು. ಉಂಡವರು ಹರಸಿದಾಗ ಅರ್ಧ ಹಸಿವೆ ಅಲ್ಲೇ ಇಂಗುತ್ತಿತ್ತು.

ಎರಡು ತಿಂಗಳಿಗೆ ಕುದುರೆ ಹತ್ತಿಯೇ ಬಿಟ್ಟರು.

“ಚಾಳಿ ಬದಲಾಯಿತು, ಗೆದ್ದವನು ನಾನು!” ಎಂದ ಮೊದಲ ವೈದ್ಯ. “ಮನಸ್ಸು ಬದಲಾಯಿತು, ನಾನು!” ಎಂದ ಎರಡನೆಯವ.

ಶಂಕ್ರವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. “ಹಂಗಾದ್ರ ನೀವಿಬ್ರೂ ಒಮ್ಮೆ ಕುದುರಿ ಹತ್ತಿ ತೋರಸರಿ.”

ಎರಡು ತಿಂಗಳು ಪಂಕ್ತಿ ತಪ್ಪಿಸದ ವೈದ್ಯರು ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು.

ದೇಸಾಯರು ಸೌಟು ಎತ್ತಿಕೊಂಡರು. “ಬಾ ಶಂಕ್ರವ್ವ, ಕೂಡು. ಇವತ್ತ ಮೊದಲನೇ ಎಲಿ ನಿಂದು.”