ಹಿಂದಿನಿಂದ ಬಂದ ಕೂಗು

ಆ ಬೇನೆಗೆ ನಮ್ಮ ಕಡೆ ಒಂದು ಹೆಸರಿತ್ತು. ಗಂಟುಬೇನೆ ಎಂದೋ, ಗಡ್ಡೆಬೇನೆ ಎಂದೋ. ನಾಲಿಗೆಯ ತುದಿಗೆ ಬಂದು ಜಾರಿಹೋಗುತ್ತದೆ. ಹೋಗಲಿ. ಕಂಕುಳಲ್ಲಿ ಗಂಟು ಎದ್ದರೆ ಮೂರನೆಯ ದಿನಕ್ಕೆ ಆಸೆ ಬಿಡುತ್ತಿದ್ದರು. ಹೆಸರು ಹಿಡಿದು ಕರೆಯಲು ಹೆದರಿ ಜನ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು.

ಅಮ್ಮ ಬಂದರೆ ಅವಳನ್ನು ಊರು ದಾಟಿಸಬೇಕು. ಮೊರದಲ್ಲಿ ಬೇವಿನ ಕಟ್ಟಿಗೆಯ ಗೊಂಬೆ, ಹಸಿರು ಬಳೆ, ಮೊಸರನ್ನ. ಒಬ್ಬರು ಅದನ್ನು ಹೊತ್ತು ಗಡಿಗಲ್ಲಿನ ಆಚೆ ಇಟ್ಟು ಬರಬೇಕು. ಬರುವಾಗ ಹಿಂದಿರುಗಿ ನೋಡಬಾರದು. ನೋಡಿದರೆ ಅಮ್ಮ ಬೆನ್ನಿಗೇ ವಾಪಸು ಬರುತ್ತಾಳೆ.

ಹೊಳೆದಂಡೆಯ ಮಠದ ಶಿಷ್ಯ ಮರುಳಯ್ಯ ತಾನಾಗಿಯೇ ಮೊರ ಹೊತ್ತ. ಅವನ ತಂಗಿಯೂ ಅವಳ ಹಸುಗೂಸೂ ಬೇನೆ ಬಿದ್ದ ಊರಲ್ಲೇ ಇದ್ದರು.

ಇಟ್ಟು ಬಂದವನು ಗುರುಗಳ ಮುಂದೆ ಕುಸಿದು ಕೂತ.

“ದಾಟಿಸಿ ಬಂದೆ, ಅಜ್ಜಾರೇ. ಹಿಂದಿನಿಂದ ಕೂಗಿದಳು. ನಾನು ತಿರುಗಲೇ ಇಲ್ಲ.”

“ಯಾರು ಕೂಗಿದರು?”

“ಅಮ್ಮ. ಮೋಸ ಮಾಡೋಕೆ ಹೆಣ್ಣುದನಿಯಲ್ಲಿ ಕೂಗ್ತಾಳೆ ಅಂತ ಗೌಡರು ಮೊದಲೇ ಹೇಳಿದ್ದರು.”

“ಏನಂತ ಕೂಗಿದಳು?”

“ನೀರು ಅಂದಳು.”

ಗುರುಗಳು ಎದ್ದು ಹೊಳೆಗೆ ಇಳಿದರು. ತಂಬಿಗೆ ತುಂಬಿಕೊಂಡರು.

“ಎಲ್ಲಿಗೆ, ಅಜ್ಜಾರೇ?”

“ಮಾರಿಗೆ ನೀರಡಿಕೆ ಆದದ್ದನ್ನು ಇಷ್ಟು ವಯಸ್ಸಾದರೂ ನಾನು ಕೇಳಿಲ್ಲ, ತಮ್ಮ. ನೋಡಿಯಾದರೂ ಬರೋಣ, ಬಾ.”

ಗಡಿಗಲ್ಲಿನ ಆಚೆ, ಹುಣಸೆಮರದ ಬುಡದಲ್ಲಿ ಒಬ್ಬ ಹೆಂಗಸು ಬಿದ್ದಿದ್ದಳು. ಪಕ್ಕದಲ್ಲಿ ಇನ್ನೊಂದು ಮೊರ, ಇನ್ನೊಂದು ಗೊಂಬೆ. ಆಚೆ ಊರವರೂ ಅದೇ ದಿನ ತಮ್ಮ ಅಮ್ಮನನ್ನು ಈಚೆಗೆ ಕಳಿಸಿದ್ದರು. ಹೊತ್ತು ತಂದವಳಿಗೇ ದಾರಿಯಲ್ಲಿ ಜ್ವರ ಏರಿತ್ತು.

ಗುರುಗಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿಹನಿಯಾಗಿ ನೀರು ಹಾಕಿದರು.

ಅವಳು ಕಣ್ಣು ಬಿಟ್ಟಳು. ಕಲ್ಲು ದಾಟದೆ, ಊರಿನ ಕಡೆ ಮುಖ ತಿರುಗಿಸಿ ನಿಂತಿದ್ದ ಮರುಳಯ್ಯನನ್ನು ಕಂಡಳು.

“ಅಷ್ಟು ಕೂಗಿದೆನಲ್ಲ ಅಣ್ಣಾ, ಕಿವುಡನಾ ನೀನು?”

“ಕೇಳಿಸಿತ್ತು, ತಾಯಿ.”

“ಬಾ,” ಎಂದರು ಗುರುಗಳು. “ಮುದುಕನ ಕೈ ನಡುಗ್ತಿದೆ. ನೀರು ನೀನು ಹಾಕು.”

“ಮುಟ್ಟಿದರೆ ನಮ್ಮನ್ನ ಊರೊಳಗೆ ಬಿಡೋದಿಲ್ಲ, ಅಜ್ಜಾರೇ.”

“ಬಿಡದಿದ್ದರೆ ಇಲ್ಲೇ ಇರೋಣ. ಮರ ದೊಡ್ಡದಿದೆ. ಎರಡು ಊರಿನ ಮೊಸರನ್ನ ಬೇರೆ ಇದೆ.”

“ಈ ತಾಯಿ ಉಳೀತಾಳಾ?”

“ಅದು ನನಗೆ ಗೊತ್ತಿಲ್ಲ.”

ಹೆಂಗಸು ಮತ್ತೆ ನೀರು ಕೇಳಿದಳು.

ಮರುಳಯ್ಯ ಕಲ್ಲು ದಾಟಿದ. ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಬಂದು, ಅವಳಿಗೆ ಬೆನ್ನು ಮಾಡಿ, ಊರಿಗೆ ಮುಖ ಮಾಡಿ ಕೂತ. ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ತಂಬಿಗೆ ಬಗ್ಗಿಸಿದ. ನೀರು ಅವಳ ಬಾಯಿ ತಪ್ಪಿ ಮಣ್ಣಿಗೆ ಚೆಲ್ಲಿತು.

ಅವನು ಅತ್ತುಬಿಟ್ಟ.

“ನಾನು ತಿರುಗಿ ನೋಡಿ, ತಂಗಿಯ ಕೂಸಿಗೆ ಏನಾದರೂ ಆದರೆ? ಹಿಂದೆ ನೋಡಬಾರದಲ್ಲ, ಅಜ್ಜಾರೇ?”

ಗುರುಗಳು ಅವನ ಬೆನ್ನು ಸವರಿದರು.

“ನೋಡಬೇಡ. ಎದ್ದು, ಇವಳನ್ನು ಸುತ್ತಿ ಬಂದು, ಊರಿಗೆ ಮುಖ ಮಾಡಿಯೇ ಈ ಕಡೆ ಕೂರು, ತಮ್ಮ. ಆಗ ಇವಳು ನಿನ್ನ ಹಿಂದೆ ಇರೋದಿಲ್ಲ.”